ಒಂದನೇ ನಂಬರಿನ ಪಿಸ್ತೂಲು

ನನ್ನ ಗಂಡ ಎನೊಕ್ ಪಾರ್ಕ್ಸ್ ದೇವರಂಥ ಮನುಷ್ಯ ಎಂದು ಇಂಗ್ಲೆಂಡಿನ ನಮ್ಮ ವಿಲೆನ್‌ಹಾಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ಅವರಿಗೇನು. ನಲವತ್ತೊಂದು ವರ್ಷ ಅವನ ಅಂಗಿ ಒಗೆದವಳು ನಾನು. ಒಳ್ಳೆಯವನೇ, ಇಲ್ಲ ಅನ್ನುವುದಿಲ್ಲ. ಒಂದು ಸಲ ಬಿಟ್ಟು. ಆ ಒಂದು ಸಲ ನಾನೂ ಪಕ್ಕದಲ್ಲೇ ಇದ್ದೆ.

ಅವನು ಬೀಗ ಮಾಡುವವನು. ನಮ್ಮೂರಲ್ಲಿ ಮುಕ್ಕಾಲು ಪಾಲು ಗಂಡಸರಿಗೆ ಅದೇ ಕಸುಬು. ಹದಿನಾಲ್ಕನೇ ವಯಸ್ಸಿಗೆ ಅರ ಹಿಡಿದು ಕಬ್ಬಿಣ ಉಜ್ಜಲು ಕೂತವನು. ಉಜ್ಜಿ ಉಜ್ಜಿ ಬಲಭುಜ ಗೂನಾಗಿಹೋಗಿತ್ತು, ಯಾವ ಕೋಟು ಹಾಕಿದರೂ ಒಂದು ತೋಳು ಗಿಡ್ಡ. ಕುಡಿತವಿಲ್ಲ, ನಾಯಿ ಪಂದ್ಯವಿಲ್ಲ. ಇದ್ದ ಒಂದೇ ಹುಚ್ಚು ಹಳೆಯ ಚಕಮಕಿ ಪಿಸ್ತೂಲುಗಳದು. ಕುದುರೆಗಾಡಿಯ ಕಾಲದಲ್ಲಿ ಪ್ರಯಾಣಿಕರು ದಾರಿಗಳ್ಳರಿಗೆ ಹೆದರಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಅಂಥವು ಹನ್ನೊಂದು ನಮ್ಮ ಮುಂದಿನ ಕೋಣೆಯ ಗೋಡೆ ತುಂಬಿದ್ದವು. ನನ್ನ ತಾಯಿಯ ಫೋಟೊ ತೆಗೆದು ಆ ಮೊಳೆಗೆ ಒಂಬತ್ತನೆಯದನ್ನು ತೂಗುಹಾಕಿದಾಗ ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅವನಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ಇವನಿಗೆ ತಕ್ಕ ಜೋಡಿ ಹೊರೇಸ್ ಟಿಮ್ಮಿನ್ಸ್. ವುಲ್ವರ್‌ಹ್ಯಾಂಪ್ಟನ್ ಬಸ್ಸಿನ ಡ್ರೈವರ್, ಬಾಯಿಬಡುಕ, ಇವನ ಜೀವದ ಗೆಳೆಯ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದು, ಕಾಲು ಚಾಚಿ ಕೂತು, ನನ್ನ ಬ್ರೆಡ್ ಪುಡ್ಡಿಂಗ್ ತಿನ್ನುತ್ತಾ ಗೋಡೆಯ ಮೇಲಿದ್ದ ಒಂದೊಂದನ್ನೂ ಇಳಿಸಿ ನೋಡುತ್ತಿದ್ದ. ಅವನ ಹತ್ತಿರ ಇದ್ದವು ಐದೋ ಆರೋ. ಅದರಲ್ಲಿ ಒಂದರ ಮುಂದೆ ಮಾತ್ರ ನಮ್ಮ ಹನ್ನೊಂದೂ ಮಂಕು. ಬರ್ಮಿಂಗ್‌ಹ್ಯಾಮಿನ ಜಾಬ್ ಹ್ಯಾಡ್ಲಿ ಎಂಬವನು ಮಾಡಿದ್ದು. ಹಿಡಿಯ ತುದಿಗೆ ಬೆಳ್ಳಿಯ ಸಿಂಹದ ಮುಖ, ನಳಿಗೆಯ ಬುಡದಲ್ಲಿ ಕೆತ್ತಿದ ಪುಟ್ಟ ಅಂಕಿ: ಎರಡು. ಅವನ ಹೆಂಡತಿ ಮಾರ್ಜರಿ ಮದುವೆಯ ಹತ್ತನೇ ವರ್ಷಕ್ಕೆ ಕೊಟ್ಟ ಉಡುಗೊರೆ ಅದು.

ಎರಡು ಅಂತ ಇದ್ದ ಮೇಲೆ ಎಲ್ಲೋ ಒಂದು ಇರಲೇಬೇಕಲ್ಲ. ಅದನ್ನು ಹುಡುಕುವುದೇ ಆ ಗಂಡ ಹೆಂಡಿರ ಬಾಳಾಯಿತು. ಆ ಸಿಂಹದ ಮುಖದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಹೊರೇಸ್ ಪರ್ಸಿನಲ್ಲಿ ಇಟ್ಟುಕೊಂಡಿದ್ದ. ಎಲ್ಲಿ ಹಳೆಯ ಆಯುಧಗಳ ಸಂತೆಯಾದರೂ ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಮಾರ್ಜರಿಯನ್ನು ಕೂರಿಸಿಕೊಂಡು ಹೊರಡುತ್ತಿದ್ದ. ಅವಳ ಮಡಿಲಲ್ಲಿ ಸ್ಯಾಂಡ್‌ವಿಚ್ ಡಬ್ಬಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ ಕಣ್ಣಾರೆ ನೋಡಿಯೇ ಸಾಯುವುದು ಎಂದು ಅವಳು ನಗುನಗುತ್ತಾ ಹೇಳುತ್ತಿದ್ದಳು.

ಐವತ್ತೇಳರ ಶರತ್ಕಾಲ. ಕಿನ್ವರ್ ಕಡೆಯ ಹಳೆಯ ಬಂಗಲೆಯೊಂದರಲ್ಲಿ ಕೀಲಿಕೈ ಕಳೆದುಹೋದ ಪೆಟ್ಟಿಗೆ ತೆರೆಯಲು ಎನೊಕ್‌ನನ್ನು ಕರೆಸಿದರು. ಒಳಗೆ ಹುಳ ತಿಂದ ಪರದೆಗಳು, ಅವುಗಳ ಅಡಿಯಲ್ಲಿ ಆ ಪಿಸ್ತೂಲು. ಮನೆಯೊಡತಿ ಅದನ್ನು ಕಂಡು ಹೌಹಾರಿ, ಇಂಥದ್ದು ನನ್ನ ಮನೆಯಲ್ಲಿ ಬೇಡವೇ ಬೇಡ, ನೀನೇ ಒಯ್ಯಿ ಎಂದಳಂತೆ. ಮನೆಗೆ ಬಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅದಕ್ಕೆ ಸುತ್ತಿದ್ದ ವೃತ್ತಪತ್ರಿಕೆ ಬಿಚ್ಚಿದ. ಸಿಂಹದ ಮುಖ. ಅಂಕಿ ಒಂದು.

ಓಡಿಹೋಗಿ ಹೊರೇಸ್‌ನನ್ನು ಕರೆದುಕೊಂಡು ಬಾ ಎಂದೆ. ನಾಳೆ ಎಂದ. ಮರುದಿನ ಕೇಳಿದರೆ ಮತ್ತೆ ನಾಳೆ. ಶನಿವಾರ ಮಧ್ಯಾಹ್ನ ಶೆಡ್ಡಿನಿಂದ ನನ್ನನ್ನು ಕರೆದ, ಆ ಅಂಕಿಯನ್ನು ಉಜ್ಜಿ ತೆಗೆಯಬೇಕಂತೆ. ನಳಿಗೆ ಬಿಚ್ಚಲು ಮೊಳೆ ಕಿತ್ತರೆ ಗುರುತು ಉಳಿಯುತ್ತದೆ, ಮೇಜಿನ ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿದರೆ ಹಿಡಿಯ ಮರ ಸೀಳುತ್ತದೆ. ಆದ್ದರಿಂದ ಟವೆಲ್ಲಿನಲ್ಲಿ ಸುತ್ತಿ ನಾನು ಅಲುಗಾಡದಂತೆ ಹಿಡಿದುಕೊಳ್ಳಬೇಕು. ಅವನ ಕೈಯಲ್ಲಿ ಅತ್ಯಂತ ಸಣ್ಣ ಅರ ಇತ್ತು.

"ಬೇಡ ಎನೊಕ್," ಅಂದೆ.

"ಇದೊಂದು ನಂಗಿರ್ಲಿ ಕಣೇ. ನನ್ನ ಜೀವಮಾನದಲ್ಲಿ ಇಂಥದ್ದು ಇನ್ನೊಂದು ಸಿಗಲ್ಲ. ಗಟ್ಟಿಯಾಗಿ ಹಿಡ್ಕೋ."

ನಾನು ಹಿಡಿದುಕೊಂಡೆ. ಯಾಕೆ ಎಂದು ಕೇಳಿದರೆ ಹೇಳಿಬಿಡುತ್ತೇನೆ, ಮುಚ್ಚುಮರೆ ಏನೂ ಇಲ್ಲ. ಅದರ ಹಿಂದಿನ ಭಾನುವಾರವಷ್ಟೇ ಹೊರೇಸ್ ನನ್ನ ಪುಡ್ಡಿಂಗ್ ತಿನ್ನುತ್ತಲೇ, ನಿಮ್ಮ ಹನ್ನೊಂದನ್ನೂ ತಕ್ಕಡಿಗೆ ಹಾಕಿದರೂ ನನ್ನ ಒಂದರ ತೂಕ ಬರಲ್ಲ ಕಣಮ್ಮ ಎಲ್ಸಿ ಎಂದು ಹೀಗಳೆದಿದ್ದ. ಅದು ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಅಷ್ಟೇ ಕಾರಣ. ಅಷ್ಟು ಸಣ್ಣ ಕಾರಣ. ಅಂಕಿ ಹೋಗಲು ಕಾಲು ಗಂಟೆಯೂ ಬೇಕಾಗಲಿಲ್ಲ. ಮೇಲೆ ಅದೇನೋ ಔಷಧಿ ಸವರಿ ಹಳೆಯ ಕಬ್ಬಿಣದ ಕಂದು ಬಣ್ಣ ಬರಿಸಿದ.

ಮರುದಿನ ಹೊರೇಸ್ ಅದನ್ನು ಗೋಡೆಯ ಮೇಲೆ ಕಂಡವನೇ ಕುರ್ಚಿಯಿಂದ ಎದ್ದ. ಪರ್ಸಿನಿಂದ ಕಾಗದ ತೆಗೆದು ಸಿಂಹದ ಪಕ್ಕ ಹಿಡಿದ. ನಂತರ ನಳಿಗೆಯ ಬುಡದ ಮೇಲೆ ಹೆಬ್ಬೆಟ್ಟು ಆಡಿಸಿದ, ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಆಡಿಸಿದ. ನಂಬರಿಲ್ಲ. ಹ್ಯಾಡ್ಲಿಯ ಕೈಕೆಲಸವೇ, ಆದರೆ ಇದು ಮೊದಲಿಂದಲೂ ಒಂಟಿ, ನನ್ನದರ ಜೊತೆಯದಲ್ಲ ಎಂದು ಹೇಳಿ ಗೋಡೆಗೆ ಹಾಕಿದ. ಎನೊಕ್ ಒಳ್ಳೆಯ ಬೇಟೆ ಹೊಡೆದ ಎಂದು ಬೆನ್ನು ತಟ್ಟಿದ. ಹೊಟ್ಟೆಕಿಚ್ಚಿನ ಒಂದು ಮಾತಿಲ್ಲ. ನನ್ನ ಮನಸ್ಸು ಚುರ್ ಎಂದದ್ದು ಆಗ.

ಆಮೇಲಿನ ಹತ್ತೊಂಬತ್ತು ವರ್ಷ ಏನೆಂದು ಹೇಳಲಿ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊರೇಸ್ ಒಂದನೇ ನಂಬರ್ ಎಂದಾಗಲೆಲ್ಲ ಎನೊಕ್ ಎದ್ದು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗೆ. ಜುಲೈ ತಿಂಗಳ ಬೇಸಿಗೆಯಲ್ಲೂ. ಇನ್ನೊಂದು ಪಿಸ್ತೂಲು ಅವನು ಕೊಳ್ಳಲೇ ಇಲ್ಲ. ಆದರೆ ಸಂತೆಗೆ ಹೊರೇಸ್ ಕರೆದರೆ ಹೋಗುತ್ತಿದ್ದ. ಇಲ್ಲದ ವಸ್ತುವನ್ನು ಅವನ ಜೊತೆ ಇಡೀ ದಿನ ಹುಡುಕಿ ಬಂದು ಊಟ ಬೇಡವೆಂದು ಮಲಗುತ್ತಿದ್ದ. ಹೇಳಿಬಿಡು ಎಂದು ನಾನು ಎಷ್ಟು ಸಲ ಬೈದಿದ್ದೇನೋ. ನೀನೇ ಹೇಳು ಎಂದರೆ ನನ್ನ ಬಾಯಿಯೂ ಕಟ್ಟುತ್ತಿತ್ತು. ಅರವತ್ತಮೂರರ ಚಳಿಗೆ ಮಾರ್ಜರಿ ನ್ಯುಮೋನಿಯಾದಿಂದ ಹೋದಳು. ಆಗಲಾದರೂ ಹೇಳಬೇಕಿತ್ತು. ಆಗಂತೂ ಹೇಳಲು ಸಾಧ್ಯವೇ ಇರಲಿಲ್ಲ.

ಎಪ್ಪತ್ತಾರರಲ್ಲಿ ಹೊರೇಸ್ ಹಾಸಿಗೆ ಹಿಡಿದ. ಕಣ್ಣು ಅದಕ್ಕೂ ಮೊದಲೇ ಮಂಜಾಗಿತ್ತು. ಇನ್ನು ಹೆಚ್ಚು ದಿನ ಇಲ್ಲ ಎಂದು ಅವನ ಮಗಳು ಬ್ರೆಂಡಾ ಬಂದು ಹೇಳಿ ಹೋದಳು. ಎನೊಕ್ ಆ ಮಧ್ಯಾಹ್ನವೇ ಪಿಸ್ತೂಲನ್ನು ಗೋಡೆಯಿಂದ ಇಳಿಸಿ ಕೋಟಿನೊಳಗೆ ಇಟ್ಟುಕೊಂಡ. ನನ್ನ ಮುಖ ನೋಡಿದ. ನಾನೂ ಶಾಲು ಹೊದ್ದೆ.

ಹೊರೇಸ್ ದಿಂಬಿಗೆ ಒರಗಿ ಕೂತಿದ್ದ. ಎನೊಕ್ ಅಲ್ಲೇ ಇದ್ದ ಹೊರೇಸ್‌ನ ಪಿಸ್ತೂಲನ್ನು ಅವನ ಎಡಗೈಗೆ, ತನ್ನದನ್ನು ಬಲಗೈಗೆ ಕೊಟ್ಟ. ಆ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಸಿಂಹ, ಹಿಡಿ, ನಳಿಗೆ ಎಂದು ಎರಡರ ಮೇಲೂ ಒಟ್ಟಿಗೆ ಹರಿದವು. ಎಡ ಹೆಬ್ಬೆಟ್ಟು ಅಂಕಿಯ ಮೇಲೆ ನಿಂತಿತು. ಬಲ ಹೆಬ್ಬೆಟ್ಟು ಅದೇ ಜಾಗದಲ್ಲಿ ಸಣ್ಣ ತಗ್ಗಿನ ಮೇಲೆ ನಿಂತಿತು.

"ಇಲ್ಲಿ ನಂಬರಿತ್ತು," ಅಂದ ಹೊರೇಸ್.

"ಇತ್ತು ಕಣೋ. ನಾನೇ ಉಜ್ಜಿಹಾಕ್ದೆ."

"ಯಾವಾಗ?"

"ಐವತ್ತೇಳರಲ್ಲಿ."

ಹೊರೇಸ್ ವರ್ಷಗಳ ಲೆಕ್ಕ ಹಾಕಿದ. "ಮಾರ್ಜರಿ ಇದ್ಳು ಆಗ," ಅಂದ. "ಆರು ವರ್ಷ ಇದ್ಳು. ಪ್ರತಿ ಭಾನುವಾರ ಅದರ ಎದುರಿಗೇ ಕೂತಿದ್ದೆ ನಾನು."

ಎನೊಕ್ ಮಂಚದ ಪಕ್ಕ ಕುಸಿದು ಕೂತು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊರೇಸ್ ಬೈಯಲಿಲ್ಲ. ಎರಡೂ ಪಿಸ್ತೂಲು ಎದೆಯ ಮೇಲೆ ಇಟ್ಟುಕೊಂಡು, ಇವನ್ನು ಇಲ್ಲೇ ಬಿಟ್ಟು ಹೊರಡಿ, ನಂಗೆ ಸಾಕಾಗಿದೆ ಎಂದ. ನಾನೂ ಇದ್ದೆ ಎಂದು ಹೇಳಲು ಬಾಯಿ ತೆರೆದೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದ. ನಾನು ಹೇಳಲಿಲ್ಲ.

ಮೂರು ವಾರಕ್ಕೆ ಅವನು ಹೋದ. ಮಣ್ಣಾದ ಮರುದಿನ ಬ್ರೆಂಡಾ ಹಸಿರು ಬಟ್ಟೆ ಹಾಸಿದ ಪೆಟ್ಟಿಗೆಯೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು. ಎರಡೂ ಅದರೊಳಗೆ ತಲೆ ಕಾಲು ಮಾಡಿ ಮಲಗಿದ್ದವು. ಎನೊಕ್ ಮಾಮನಿಗೇ ಸೇರಬೇಕು, ಪ್ರಾರ್ಥನಾ ಮಂದಿರದ ಸಭಾಂಗಣದಲ್ಲಿ ನಡೆಯುವ ಹಳೆಯ ಆಯುಧಗಳ ಸಂತೆಯಲ್ಲಿ ಎಲ್ಲರೂ ನೋಡಬೇಕು ಎಂದು ಅಪ್ಪ ಹೇಳಿದರಂತೆ. ಜೊತೆಗಿಡಲು ಒಂದು ಚೀಟಿ, ಅವನು ಹೇಳಿದ್ದು, ಅವಳು ಬರೆದದ್ದು: "ಜಾಬ್ ಹ್ಯಾಡ್ಲಿಯ ಜೋಡಿ ಪಿಸ್ತೂಲು. ಒಂದನೆಯದನ್ನು ಹುಡುಕಿಕೊಟ್ಟವನು ಗೆಳೆಯ ಎನೊಕ್ ಪಾರ್ಕ್ಸ್. ಅದರ ಅಂಕಿ ಕಾಲಾಂತರದಲ್ಲಿ ಸವೆದುಹೋಗಿದೆ."

ಜೀವಮಾನದಲ್ಲಿ ಪಿಸ್ತೂಲಿನ ಬಗ್ಗೆ ಒಂದೇ ಒಂದು ಸುಳ್ಳು ಹೇಳದ ಮನುಷ್ಯ ಹೊರೇಸ್. ನಕಲಿ ಮೊಳೆ ಹಾಕಿದವರನ್ನು ಸಂತೆಯ ನಡುವೆ ನಿಲ್ಲಿಸಿ ಮರ್ಯಾದೆ ತೆಗೆಯುತ್ತಿದ್ದವನು. ಅವನು ಬೈದು ಕಳಿಸಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಸಂತೆಯ ದಿನ ಎನೊಕ್ ಪೆಟ್ಟಿಗೆ ತೆರೆದು ಚೀಟಿ ನಿಲ್ಲಿಸಿದ. ನಾನು ಎಂದಿನಂತೆ ಪಕ್ಕದಲ್ಲೇ ಚಹಾದ ಪಾತ್ರೆ ನೋಡಿಕೊಳ್ಳುತ್ತಿದ್ದೆ. ಜನ ಬಂದು ಓದಿದರು, ಇಂಥ ಗೆಳೆಯ ಯಾರಿಗುಂಟು ಎಂದು ಅವನ ಆ ಗೂನುಭುಜವನ್ನೇ ತಟ್ಟಿದರು. ಮೂರನೆಯವನೋ ನಾಲ್ಕನೆಯವನೋ ತಟ್ಟಿ ಹೋದ ಮೇಲೆ ಎನೊಕ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಚೀಟಿಯ ಕೊನೆಯ ಸಾಲನ್ನು ಅಡ್ಡ ಗೀಟು ಎಳೆದು ಹೊಡೆದುಹಾಕಿದ. ಕೆಳಗೆ ಬರೆದ: "ಸವೆದದ್ದಲ್ಲ. ಹೊರೇಸ್‌ನಿಂದ ಮುಚ್ಚಿಡಲು ೧೯೫೭ರಲ್ಲಿ ಉಜ್ಜಿ ತೆಗೆದವನು ಎನೊಕ್ ಪಾರ್ಕ್ಸ್."

ಆಮೇಲೆ ಬಂದವರು ಓದಿದರು. ಮುಂದಿನ ಮೇಜಿಗೆ ಹೋದರು. ಅವನ ಮೇಜಿನ ಸುತ್ತ ಜಾಗ ಖಾಲಿಯಾಯಿತು.

ಬ್ರೆಂಡಾ ಬಂದಾಗ ಹನ್ನೊಂದು ಗಂಟೆ. ನಾನು ಅವಳಿಗೆ ಚಹಾ ಹಾಕಿ ಕೊಟ್ಟೆ. ಅವಳು ಕಪ್ಪು ಹಿಡಿದುಕೊಂಡೇ ಚೀಟಿ ಓದಿದಳು, ಎರಡು ಸಲ.

"ಅಪ್ಪಂಗೆ ಗೊತ್ತಿತ್ತಾ?"

"ಕೊನೆಗೆ ಹೇಳ್ದೆ ಕಣಮ್ಮ," ಅಂದ ಎನೊಕ್.

"ಅಮ್ಮಂಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. ಬ್ರೆಂಡಾ ನನ್ನ ಕಡೆ ತಿರುಗಿದಳು. ಚಿಕ್ಕಂದಿನಿಂದ ನನ್ನ ಮಡಿಲಲ್ಲಿ ಆಡಿದವಳು. "ನಿಮಗೆ ಇದ್ಯಾವುದೂ ಗೊತ್ತಿರ್ಲಿಲ್ಲ ಅಲ್ವಾ ಅತ್ತೆ?" ಅಂದಳು. ಇಲ್ಲ ಅನ್ನಲಿ ಎಂದು ಅವಳ ಕಣ್ಣು ಬೇಡುತ್ತಿತ್ತು. ಎನೊಕ್ ಕೂಡ ನನ್ನತ್ತ ನೋಡಿದ. ಸುಮ್ಮನಿರು, ಇದು ನನ್ನೊಬ್ಬನದೇ ಎಂಬಂತೆ ತಲೆ ಅಲ್ಲಾಡಿಸಿದ.

ನಾನು ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, ಅವನ ಸಾಲಿನ ಕೆಳಗೆ ಬರೆದೆ: "ಅಲುಗಾಡದಂತೆ ಹಿಡಿದುಕೊಂಡವಳು ಎಲ್ಸಿ ಪಾರ್ಕ್ಸ್."

ಬ್ರೆಂಡಾ ಅದನ್ನೂ ಓದಿದಳು. ಕಪ್ಪನ್ನು ನನ್ನ ಮುಂದೆ ಮೆಲ್ಲಗೆ ಇಟ್ಟು, ಕೈಚೀಲ ತೆಗೆದುಕೊಂಡು ಹೊರಗೆ ಹೋದಳು. ಚಹಾವನ್ನು ಅವಳು ಮುಟ್ಟಿರಲಿಲ್ಲ.