ಮರಿಸ್ವಾಮಿ ಮೇಸ್ತ್ರಿ ಟಿವಿಯೊಳಗೆ ಕಟ್ಟಿದ ಮನೆ

ತಿ. ನರಸೀಪುರದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಒಂಬತ್ತನೇ ವರ್ಷ ನಡೆಯುತ್ತಿತ್ತು. ಮನೆ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸು. ಆಗ ನನಗೆ ನಲವತ್ತೊಂದು ವರ್ಷ, ಯಾರಿಗೂ ಹೇಳಿಕೊಳ್ಳದ ಒಂದು ಚಟವೂ ಇತ್ತು. ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ವಿಡಿಯೋ ಗೇಮ್. ಅದರಲ್ಲಿ ಗುಂಡು ಹೊಡೆಯುವುದಿಲ್ಲ, ಕಾರು ಓಡಿಸುವುದಿಲ್ಲ. ಒಂದು ಸಂಸಾರ ಇರುತ್ತದೆ. ಅವರಿಗೆ ಅಡಿಗೆ ಮಾಡಿಸಬೇಕು, ಸ್ನಾನಕ್ಕೆ ಕಳಿಸಬೇಕು, ಕೆಲಸಕ್ಕೆ ಹೊರಡಿಸಬೇಕು. ಇಂಥ ಆಟಕ್ಕೆ ಲೈಫ್ ಸಿಮ್ಯುಲೇಷನ್ ಎನ್ನುತ್ತಾರೆ. ಮನೆಯಲ್ಲಿ ಮಾಡಿ ಸುಸ್ತಾದದ್ದನ್ನೇ ಬಸ್ಸಿನಲ್ಲಿ ಕೂತು ಮತ್ತೆ ಮಾಡುತ್ತಿದ್ದೆ ಎಂದರೆ ನನ್ನ ಬುದ್ಧಿಯ ಮಟ್ಟ ತಿಳಿಯಬಹುದು.

ಆ ವರ್ಷ ಸೋಸಲೆಯ ಮರಿಸ್ವಾಮಿ ಎಂಬುವರನ್ನು ಅವರ ಹೆಂಡತಿ ಪುಟ್ಟತಾಯಮ್ಮ ಕರೆತಂದರು. ಐವತ್ತಾರು ವರ್ಷ. ಸ್ಟ್ರೋಕ್, ಅಂದರೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ, ಅದು ಆಮೇಲೆ ನನಗೆ ಚೆನ್ನಾಗಿಯೇ ಗೊತ್ತಾಯಿತು. ಅವತ್ತು ಕ್ಲಿನಿಕ್ ತುಂಬಾ ಜನ. ಕೇಸ್ ಶೀಟಿನ ಉದ್ಯೋಗದ ಕಾಲಂನಲ್ಲಿ, ಅವರ ಅಂಗಿ ನೋಡಿ, ‘ಕೂಲಿ’ ಎಂದು ಗೀಚಿ ಮುಂದೆ ಹೋದೆ.

ಆರು ವಾರದಲ್ಲಿ ಭುಜ ಎದ್ದಿತು, ಮೊಣಕೈ ಬಾಗಿತು. ಬೆರಳುಗಳು ಬರಲಿಲ್ಲ. ಹೆಬ್ಬೆರಳಂತೂ ಬರೀ ಅದುರುತ್ತಿತ್ತು. ಮಿದುಳಿನಲ್ಲಿ ಹಾಳಾದ ಜಾಗ ಮತ್ತೆ ಚಿಗುರುವುದಿಲ್ಲ. ಅಕ್ಕಪಕ್ಕದ ಜಾಗಗಳು ಆ ಕೆಲಸ ಕಲಿಯಬೇಕು. ನ್ಯೂರೋಪ್ಲಾಸ್ಟಿಸಿಟಿ ಎನ್ನುವುದು ಇದಕ್ಕೇ. ಕಲಿಯಬೇಕಾದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಬೇಕು, ಅದೂ ಮೊದಲ ಕೆಲವು ತಿಂಗಳಲ್ಲಿ. ನಾನು ಕೊಟ್ಟ ರಬ್ಬರ್ ಚೆಂಡನ್ನು ಮರಿಸ್ವಾಮಿ ಹನ್ನೊಂದು ಸಲ ಹಿಸುಕಲು ಹೋಗಿ ಮೂಲೆಗೆ ಎಸೆದರು.

“ಚೆಂಡು ಇಸುಕಕ್ಕೆ ನಾನೇನು ಅಸುಗೂಸಾ ಡಾಕ್ಟ್ರವ್ವ? ನಾಳೆಯಿಂದ ಬರಕಿಲ್ಲ ಬುಡಿ.”

ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೈ ಈಗ ಬರದಿದ್ದರೆ ಇನ್ನು ಬರುವುದು ಕಷ್ಟ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದ್ದುದರಿಂದ ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತರು. ನನಗೂ ಬೇಜಾರಾಗಿ ಮೇಜಿನ ಹಿಂದೆ ಕೂತು ಗೇಮ್ ತೆಗೆದೆ. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲಿಂದ ಒಂದು ದನಿ ಬಂತು.

“ಯಾವನವ್ವ ಈ ಮನೆ ಕಟ್ಟಿದೋನು? ಬಚ್ಚಲು ಬಾಗಿಲು ಅಡಿಗೆಮನೆಗೆ ಬುಟ್ಟವ್ನಲ್ಲ!”

ನಾಚಿಕೆಯಿಂದ ಮುಖ ಕೆಂಪಾದರೂ ಆಟವನ್ನು ವಿವರಿಸಿದೆ. ಮರಿಸ್ವಾಮಿ ಗಂಭೀರವಾಗಿ ಕೇಳಿ, ಆ ಗೋಡೆಯನ್ನು ಮೂರಡಿ ಸರಿಸಲು ಹೇಳಿದರು. ಈ ಅಂಗೈ ಆಟದಲ್ಲಿ ಗೋಡೆ ಮುಟ್ಟುವ ಹಾಗಿಲ್ಲ, ಸಿದ್ಧ ಮನೆಯೊಳಗೆ ಕುರ್ಚಿ ಮಂಚ ಜೋಡಿಸಬಹುದು ಅಷ್ಟೆ ಎಂದೆ.

“ಗೋಡೆ ಎತ್ತಕ್ಕೆ ಬುಡದ ಆಟ ಯಾವ ಸೀಮೆ ಆಟ? ಮೂವತ್ತು ವರ್ಷ ಗಾರೆ ಕೆಲ್ಸ ಮಾಡಿವ್ನಿ ಕಣವ್ವ. ನರಸೀಪುರದ ಸುತ್ತ ನಾನು ಪಾಯ ಆಕ್ದೇ ಇರೋ ಬೀದಿ ತೋರ್ಸಿ.”

ಆರು ವಾರ ಆ ಕೈ ಹಿಡಿದು ತಿರುಗಿಸಿದ್ದೆ. ಅದು ಮೇಸ್ತ್ರಿಯ ಕೈ ಎಂದು ಅವತ್ತು ತಿಳಿಯಿತು.

ಅದೇ ಆಟದ ಇನ್ನೊಂದು ರೂಪ ಟಿವಿಗೆ ಜೋಡಿಸುವ ಕನ್ಸೋಲ್‌ನಲ್ಲಿ ಬರುತ್ತದೆ. ಅದರಲ್ಲಿ ಪಾಯದಿಂದ ಸೂರಿನವರೆಗೆ ನಾವೇ ಕಟ್ಟಬಹುದು. ನಮ್ಮ ಮನೆಯಲ್ಲಿ ಅದೂ ಇತ್ತು, ಚಟ ಅಂದೆನಲ್ಲ. ನಾಳೆ ತರುತ್ತೇನೆ ಎಂದು ಮೇಸ್ತ್ರಿಗೆ ಹೇಳಿದೆ. ಮಾರನೆಯ ದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿ ಊಟದ ಡಬ್ಬಿಯ ಜೊತೆ ಬಸ್ಸಿನಲ್ಲಿ ತಂದು ಕ್ಲಿನಿಕ್ಕಿನ ಟಿವಿಗೆ ಸಿಕ್ಕಿಸಿದೆ. ನಾಳೆಯಿಂದ ಬರುವುದಿಲ್ಲ ಎಂದವರು ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಕಂಟ್ರೋಲರನ್ನು ಅವರ ತೊಡೆಯ ಮೇಲೆ ದಿಂಬಿಟ್ಟು ಇರಿಸಿದೆ. ಎಡ ಹೆಬ್ಬೆರಳಿನ ಕಡ್ಡಿ ತಿರುಗಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಬಲ ಹೆಬ್ಬೆರಳಿನ ಬಟನ್ ಒತ್ತಿದರೆ ಕೆಲಸ ಆಗುತ್ತದೆ. ಬಲ ಹೆಬ್ಬೆರಳು ಏಳದ್ದರಿಂದ, ಪ್ರತಿ ಸಲವೂ ಮೇಸ್ತ್ರಿ ಎಡಗೈಯನ್ನು ಬಲಕ್ಕೆ ತಂದು ಅದನ್ನು ಹಿಡಿದು ಒತ್ತುತ್ತಿದ್ದರು. ಹಾಗೇ ಮೂರು ದಿನದಲ್ಲಿ ಎರಡು ರೂಮು, ನಡುಮನೆ, ಅಡಿಗೆಮನೆಯ ಮನೆ ಎದ್ದಿತು. ಇನ್ನೇನು ಸಂಸಾರ ಒಳಗೆ ಹೋಗಬೇಕು, ಅಷ್ಟರಲ್ಲಿ ಮೇಸ್ತ್ರಿ ಮುಂಬಾಗಿಲನ್ನೇ ಕಿತ್ತು ಗೋಡೆ ಎತ್ತಿ ಮುಚ್ಚಿಬಿಟ್ಟರು.

“ತಾರಸಿಗೆ ಮೋಲ್ಡ್ ಆಕಿ ಇಪ್ಪತ್ತೊಂದು ದಿನ ನೀರುಣಿಸ್ದೆ ಯಾರಾದ್ರೂ ಒಳೀಕ್ಕೋಯ್ತಾರಾ?”

ಇದು ಆಟ, ಇಲ್ಲಿ ಸಿಮೆಂಟೇ ಇಲ್ಲ ಎಂದು ನಾನು ವಾದಿಸಿದೆ. ಪರದೆಯ ಮೇಲೆ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಮ್ಮ ಕಡೆ ಕೈ ಬೀಸುತ್ತಿದ್ದರು. ಮೇಸ್ತ್ರಿ ಜಗ್ಗಲಿಲ್ಲ. ಸೈಟಿನಲ್ಲಿ ಮಾಡುವಂತೆ ಅಂಗಳದ ಮೂಲೆಯಲ್ಲಿ ಒಂದು ಶೆಡ್ ಎತ್ತಿ ಒಲೆ, ಮಂಚ, ಕಕ್ಕಸು ಇಟ್ಟುಕೊಟ್ಟರು. ಗೋಡೆಗೆ ನೀರು ಹಾಕುವ ಸೌಲಭ್ಯ ಆಟದಲ್ಲಿಲ್ಲ, ಗಿಡಕ್ಕೆ ಹಾಕಬಹುದು. ಸರಿ, ಮನೆಯ ಸುತ್ತ ಗೋಡೆಗೆ ಒತ್ತಿಕೊಂಡಂತೆ ಹೂಗಿಡ ನೆಟ್ಟು, ಗಿಡದ ನೆಪದಲ್ಲಿ ಗೋಡೆ ನೆನೆಸತೊಡಗಿದರು. ಒಂದೊಂದು ಗಿಡಕ್ಕೂ ಹೆಬ್ಬೆರಳಿನ ಒಂದು ಒತ್ತು. ಆಟದ ಒಂದು ದಿನ ನಮ್ಮ ಇಪ್ಪತ್ತನಾಲ್ಕು ನಿಮಿಷ. ದಿನಕ್ಕೆ ಮುಕ್ಕಾಲು ಗಂಟೆ ಆಡಿಸಿದರೆ ಇಪ್ಪತ್ತೊಂದು ದಿನಕ್ಕೆ ಎರಡು ವಾರ ಸಾಕು. ನಾನು ಮೇಜಿನ ಹಿಂದೆ ಕೂತು ಗುಟ್ಟಾಗಿ ಎಣಿಸಿದೆ. ಮೊದಲ ದಿನ ನೂರ ನಲವತ್ತು ಒತ್ತು. ಆಮೇಲೆ ವಾದ ಮಾಡುವುದನ್ನು ಬಿಟ್ಟೆ.

ಗೃಹಪ್ರವೇಶದ ದಿನ ಪುಟ್ಟತಾಯಮ್ಮ ಮನೆಯಿಂದ ಕಜ್ಜಾಯ ತಂದರು. ಮಂಡಿ ನೋವಿನವರು, ಸೊಂಟ ನೋವಿನವರು ಎಲ್ಲರೂ ಟಿವಿಯ ಮುಂದೆ ಸೇರಿದರು. ಬಾಗಿಲು ಕೂರಿಸಿದ್ದಾಯಿತು, ಸಂಸಾರ ಒಳಗೆ ಹೋಯಿತು. ಹಾಲು ಉಕ್ಕಿಸುವ ವ್ಯವಸ್ಥೆ ಇಲ್ಲದ್ದರಿಂದ ಹೆಂಗಸಿಗೆ ಅಡಿಗೆ ಮಾಡಲು ಹೇಳಿದೆವು. ಒಲೆ ಹೊತ್ತಿಕೊಂಡಿತು. ಬೆಂಕಿ ಕಪಾಟಿಗೆ ತಗುಲಿ, ಗಂಡ ಹೆಂಡತಿ ಕಿರುಚುತ್ತ ಕುಣಿದಾಡತೊಡಗಿದರು.

“ಫೋನ್ ಒತ್ತಿ ಮೇಸ್ತ್ರಿ, ಫೈರ್ ಇಂಜಿನ್ನಿಗೆ” ಎಂದೆ.

ಎಡಗೈ ಬಾಣವನ್ನು ಫೋನಿನ ಕಡೆಗೆ ಓಡಿಸುತ್ತಿತ್ತು. ಕುಣಿಯುವ ಗಂಡ ಅಡ್ಡ ಬರುತ್ತಿದ್ದ, ಬಾಣ ಜಾರುತ್ತಿತ್ತು, ಎಡಗೈ ಬಿಡುವ ಹಾಗಿರಲಿಲ್ಲ. ಬಾಣ ಫೋನಿನ ಮೇಲೆ ನಿಂತಿತು. ಬಲ ಹೆಬ್ಬೆರಳು ತಾನಾಗಿ ಬಾಗಿ ಬಟನ್ ಒತ್ತಿತು. ಒಮ್ಮೆಯಲ್ಲ, ಮೂರು ಸಲ.

ಫೈರ್ ಇಂಜಿನ್ ಬಂದು ಬೆಂಕಿ ಆರಿತು. ಮೇಸ್ತ್ರಿಗೆ ತಮ್ಮ ಹೆಬ್ಬೆರಳಿನ ಪರಿವೆಯೇ ಇಲ್ಲ.

“ಒಲೆ ಆಗ್ನೇಯಕ್ಕೆ ಇಡವ ಅಂದೆ, ಜಾಗ ಇಲ್ಲ ಅಂದೋರು ನೀವು” ಎಂದು ನನ್ನ ಮೇಲೆ ರೇಗುತ್ತಿದ್ದರು.

ಪುಟ್ಟತಾಯಮ್ಮ ಅವರ ಮೊಣಕೈ ಹಿಡಿದು ಅಲ್ಲಾಡಿಸಿದರು. “ಒಲೆ ಮನೆ ಆಳಾಗೋಗ್ಲಿ. ನಿಮ್ಮ ಎಬ್ಬೆಟ್ಟು ನೋಡ್ಕಳಿ.”

ಅವರು ನೋಡಿಕೊಂಡರು. ಮತ್ತೊಮ್ಮೆ ಬಾಗಿಸಿದರು, ನಿಧಾನವಾಗಿ. ಕ್ಲಿನಿಕ್ಕಿನಲ್ಲಿ ಚಪ್ಪಾಳೆ ಬಿತ್ತು, ನಾನು ಅತ್ತೆ, ಅಳುತ್ತಲೇ ಎರಡು ಕಜ್ಜಾಯ ತಿಂದೆ. ಇದು ಪವಾಡವಲ್ಲ, ಸಾವಿರಾರು ಒತ್ತುಗಳಲ್ಲಿ ಮಿದುಳು ಕಲಿತದ್ದನ್ನು ಅವಸರ ಹೊರಗೆ ತಂದಿತು. ಆದರೆ ಅಷ್ಟು ಖುಷಿಯ ದಿನ ನನ್ನ ವೃತ್ತಿಯಲ್ಲಿ ಮತ್ತೊಂದಿಲ್ಲ.

ಹೆಬ್ಬೆರಳಿನ ಹಿಂದೆಯೇ ಉಳಿದ ಬೆರಳುಗಳೂ ಬಂದವು. ಇನ್ನೆರಡು ತಿಂಗಳ ಬಳಿಕ, ಚಿಕಿತ್ಸೆಯ ಕೊನೆಯ ದಿನ, ಹಿಡಿತದ ಬಲ ಅಳೆಯಲು ಡೈನಮೋಮೀಟರ್ ಎಂಬ ಉಪಕರಣ ಕೊಟ್ಟೆ. ಮೇಸ್ತ್ರಿ ಅದನ್ನು ಪಕ್ಕಕ್ಕಿಟ್ಟು ಹೆಂಡತಿಯ ಕಡೆ ತಿರುಗಿದರು. ಪುಟ್ಟತಾಯಮ್ಮ ಚೀಲದ ತಳದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕರಣೆ ತೆಗೆದರು, ಗಾರೆ ಮೆತ್ತುವ ಕರಣೆ. ಹಿಡಿ ಸವೆದು ಅವರ ಅಂಗೈಯ ಅಳತೆಗೇ ಬಂದಿತ್ತು. ಬಲಗೈಯಲ್ಲಿ ಅದನ್ನು ಹಿಡಿದು ಗಾಳಿಯಲ್ಲೇ ಒಂದು ಗೋಡೆ ಸವರಿದರು.

“ಇವತ್ತು ತಂದ್ರಾ?” ಎಂದೆ.

“ಮೊದಲ್ನೇ ದಿನದಿಂದ ಚೀಲದಲ್ಲೇ ಅದೆ ಕಣವ್ವ. ನೀವು ಕೇಳ್ತೀರ ಅಂತ” ಎಂದರು ಪುಟ್ಟತಾಯಮ್ಮ.

ಅವರು ಹೋದ ಮೇಲೆ ಕೇಸ್ ಶೀಟ್ ತೆಗೆದು ‘ಕೂಲಿ’ ಎಂಬುದನ್ನು ಹೊಡೆದುಹಾಕಿ ‘ಗಾರೆ ಮೇಸ್ತ್ರಿ’ ಎಂದು ಬರೆದೆ. ಅಂದಿನಿಂದ ಯಾರೇ ಬರಲಿ, ನೋವು ಎಲ್ಲಿ ಎಂದು ಕೇಳುವ ಮುಂಚೆ ಏನು ಕೆಲಸ ಮಾಡುತ್ತೀರಿ ಎಂದು ಕೇಳುತ್ತೇನೆ. ನಾಳೆ ಬರುವಾಗ ಕೆಲಸದ ಸಾಮಾನು ತನ್ನಿ ಎನ್ನುತ್ತೇನೆ. ರಬ್ಬರ್ ಚೆಂಡುಗಳಿದ್ದ ಕಪಾಟಿನಲ್ಲಿ ಈಗ ದರ್ಜಿಯ ಕತ್ತರಿ, ಕುಡುಗೋಲು, ಹೂ ಕಟ್ಟುವ ಬಾಳೆನಾರು, ಲಟ್ಟಣಿಗೆ ಎಲ್ಲ ಇವೆ. ಎಲ್ಲಕ್ಕೂ ಹೆಸರಿನ ಚೀಟಿ ಅಂಟಿಸಿದ್ದೇನೆ, ಗುಣವಾದವರು ತಮ್ಮದನ್ನು ತಾವೇ ಎತ್ತಿಕೊಂಡು ಹೋಗುತ್ತಾರೆ.