ಯುಗಾದಿಯಲ್ಲೇ ಉಳಿದ ಲ್ಯಾಬು

ನಂಜನಗೂಡಿನ ಒಂದು ಖಾಸಗಿ ಕಾಲೇಜಿಗೆ ಪ್ರೋಗ್ರಾಮಿಂಗ್ ಹೇಳಿಕೊಡಲು ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದು ಆಷಾಢದಲ್ಲಿ. ಅತಿಥಿ ಎಂದರೆ ಊಟ ಹಾಕಿ ಕಳಿಸುವ ಅತಿಥಿಯಲ್ಲ, ಯಾವಾಗ ಬೇಕಾದರೂ ಕಳಿಸಬಹುದಾದ ಅತಿಥಿ. ನಾನು ಕಾಲಿಟ್ಟ ವಾರವೇ ಲ್ಯಾಬಿಗೆ ಹೊಸ ಕಂಪ್ಯೂಟರುಗಳೂ ಬಂದಿದ್ದವು. ಅವಕ್ಕೆ ಬಂದ ದಿನವೇ ಪೂಜೆಯಾಯಿತು. ನನಗೆ ಮಂಗಳಾರತಿ ಆಗಿದ್ದು ಸ್ವಲ್ಪ ತಡವಾಗಿ.

ಮೊದಲ ಕ್ಲಾಸಿನಲ್ಲೇ ಕಂಪೈಲರ್ ಇಳಿಸಲು ಹೋದರೆ ಪರದೆಯ ತುಂಬ ಕೆಂಪಕ್ಷರ. ಲೈಬ್ರರಿ ಇಳಿಸಲು ಹೋದರೂ ಅದೇ ರಾಗ. ಎದುರಿನ ವೆಬ್‌ತಾಣದ ಗುರುತುಪತ್ರ, ಅಂದರೆ ಸರ್ಟಿಫಿಕೇಟ್, ಸರಿಯಿಲ್ಲ, ನಂಬಲಾರೆ ಎಂಬ ತಕರಾರು. ಒಂದು ಯಂತ್ರದ ಹಟವಾಗಿದ್ದರೆ ಬದಿಗಿಡಬಹುದಿತ್ತು, ಇಡೀ ಲ್ಯಾಬೇ ಮುಷ್ಕರ ಹೂಡಿತ್ತು. ನನ್ನ ಫೋನಿನ ನೆಟ್ ಕೊಟ್ಟು ನೋಡಿದೆ. ಆಂಟಿವೈರಸ್ ತೆಗೆದೆ, ಮತ್ತೆ ಹಾಕಿದೆ. ಕವಲಂದೆ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರು ಅಷ್ಟು ದಿನವೂ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು, ಕಂಪ್ಯೂಟರ್ ಕೊಡಬೇಕಾದ ಉತ್ತರವನ್ನೂ ತಾವೇ ಬರೆದುಕೊಳ್ಳುತ್ತಿದ್ದರು.

ಹಿಂದಿನ ಮೇಡಂ ಇದ್ದಾಗ ಹಳೇ ಡಬ್ಬಗಳೂ ಓಡುತ್ತಿದ್ದವು, ಎಲ್ಲಾ ಒಬ್ಬೊಬ್ಬರ ಕಾಲ್ಗುಣ ಎಂದು ಪ್ರಾಂಶುಪಾಲರು ಸ್ಟಾಫ್‌ರೂಮಿನಲ್ಲಿ ನನಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. ನಾನು ದೋಷ ಯಂತ್ರದ್ದು ಎಂದರೆ, ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ನಗೆ. ಪ್ರಾಕ್ಟಿಕಲ್ ಪರೀಕ್ಷೆಯೊಳಗೆ ಲ್ಯಾಬು ನಡೆಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಸೇರಿಸಿದರು. ಆ ಕೆಲಸ ನನಗೆ ಬೇಕೇಬೇಕಿತ್ತು. ಅವತ್ತು ಸಂಜೆ ಬಸ್ಸಿನಲ್ಲಿ ಅಳು ಬಂತು.

ತಿ. ನರಸೀಪುರದಿಂದ ನಾನು ದಿನಾ ಬಂದುಹೋಗುವ ಆ ಬಸ್ಸಿನಲ್ಲಿ ನಿಂತುಕೊಂಡೇ ಇಂಟರ್‌ನೆಟ್ಟಿನ ಪಂಡಿತರ ಜಗಳಗಳನ್ನೆಲ್ಲ ಓದುತ್ತಿದ್ದೆ. ಶ್ರಾವಣ ಹುಟ್ಟಿದ ಮೇಲೆ ಒಂದು ದಿನ ಯಾರೋ ಪುಣ್ಯಾತ್ಮ ಬರೆದದ್ದು ಕಣ್ಣಿಗೆ ಬಿತ್ತು: ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಕಾಲೇಜಿಗೆ ಹೋದವಳೇ ನೋಡಿದೆ. ತಾರೀಖು ಇರುವ ಬಲಗಡೆಯ ಕೆಳಮೂಲೆಯಲ್ಲಿ ಪೂಜೆಯ ದಿನ ಮೆತ್ತಿದ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಎಲ್ಲಾ ಪರದೆಗಳಲ್ಲೂ. ದೇವರದ್ದೆಂದು ಯಾರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ.

ಲ್ಯಾಬಿನ ಅಟೆಂಡರ್ ಬೇಡ ಬೇಡವೆನ್ನುತ್ತಿದ್ದಂತೆಯೇ ವೇಲಿನ ತುದಿಯಿಂದ ಒರೆಸಿದೆ. ಹೊರಗೆ ಶ್ರಾವಣ, ಒಳಗೆ ಇನ್ನೂ ಏಪ್ರಿಲ್. ತಾಣದ ಗುರುತುಪತ್ರವೋ ಜೂನಿನಲ್ಲಿ ಕೊಟ್ಟದ್ದು. ಇನ್ನೂ ಹುಟ್ಟದವನ ಆಧಾರ್ ಕಾರ್ಡನ್ನು ಯಾವ ಯಂತ್ರ ತಾನೇ ಒಪ್ಪೀತು?

ಅಟೆಂಡರ್ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಮಾಡಿದ್ದು ಮೇಡಂ. ಆಸಾಡದಲ್ಲಿ ಒಸ ಮಿಸನ್ನು ಸುರು ಮಾಡಬಾರ್ದು, ಯುಗಾದಿ ದಿನಕ್ಕೆ ತಿರುಗ್ಸು ಅಂತ ಪ್ರಿನ್ಸಿಪಾಲ್ ಸಾಯೇಬ್ರು ಏಳುದ್ರು. ನೆಟ್ ಸಿಕ್ದೇಟ್ಗೆ ತಾರೀಕು ತಾನಾಗೇ ಸರಿಯಾಗೋಯ್ತಿತ್ತು, ಅದ್ನೂ ಆಫ್ ಮಾಡ್ದೆ."

ಪಂಚಾಂಗಕ್ಕೆ ಮೋಸ ಮಾಡಿ ಶುಭದಿನ ತಂದಿದ್ದರು. ಎಲ್ಲಾ ಯಂತ್ರಗಳಿಗೂ ನಿಜವಾದ ತಾರೀಖು ಹಾಕಿದೆ. ಕಂಪೈಲರ್ ತುಟಿಪಿಟಕ್ಕೆನ್ನದೆ ಇಳಿಯಿತು. ಹುಡುಗಿಯರ ಮೊದಲ ಪ್ರೋಗ್ರಾಮು ಓಡಿದಾಗ ನನಗೇ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಅದೇ ಖುಷಿಯಲ್ಲಿ ಪ್ರಾಂಶುಪಾಲರ ಮುಂದೆ ಹೋಗಿ, ತಪ್ಪು ನನ್ನದಲ್ಲ, ತಾರೀಖಿನದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮುಖ ಅರಳಿತು.

"ನಾನು ಹೇಳೋದೂ ಅದನ್ನೇ ಅಲ್ವೇನಮ್ಮ? ಯುಗಾದಿ ಆಗಿಬರಲಿಲ್ಲ, ಶ್ರಾವಣ ಆಗಿಬಂತು. ಎಲ್ಲಾ ತಾರೀಖಿನಲ್ಲೇ ಇರೋದು. ನಿಮ್ಮ ಕಾಲ್ಗುಣಾನೂ ಕೆಟ್ಟದ್ದಲ್ಲ ಬಿಡಿ. ಮುಂದಿನ ವರ್ಷವೂ ಇರಿ."

ಎಂಸಿಎ ಮಾಡಿದ ತಲೆಗೆ ದಕ್ಕದ ಕೆಲಸ ಕಾಲಿಗೆ ದಕ್ಕಿತು. ಸಿಟ್ಟು ನೆತ್ತಿಗೇರಿತು. ಥ್ಯಾಂಕ್ಸ್ ಸರ್ ಎಂದು ಹೇಳಿ ಎದ್ದು ಬಂದೆ.