ಬಂಗುಡೆ ಅಂದರೆ ಎಡಮೂಲೆ

ಕೋಚ್ ಯಾರಾಗಬೇಕು ಎಂಬ ಚರ್ಚೆಯಲ್ಲಿ ಮೊದಲ ರಕ್ತ ಬಂದದ್ದು ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಊಟಕ್ಕೆ ಮೊದಲು. ರಕ್ತ ಮ್ಯಾನೇಜರಣ್ಣನ ಹುಬ್ಬಿನದು. ಬರಿಸಿದ್ದು ನಮ್ಮ ಕುಕ್ಕರಿನ ಮುಚ್ಚಳ. ಎಸೆದವನು ಬ್ಯಾಂಕಿನಲ್ಲಿ ಕೆಲಸ ಮಾಡುವ, ಟೈ ಕಟ್ಟುವ, ಯಾವತ್ತೂ ಮೆಲ್ಲನೆ ಮಾತಾಡುವ ಮನುಷ್ಯ. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಇಷ್ಟು: "ಕೋಚ್ ವಿಷಯ ಇತ್ಯರ್ಥ. ಹೊಲಿಗೆ ಎರಡು. ಮುಚ್ಚಳದ ಹಿಡಿ ಹೋಗಿದೆ."

ಆಗ ನಾನು ದುಬೈಗೆ ಬಂದು ಎರಡನೇ ವರ್ಷ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ. ಏನನ್ನೇ ಆದರೂ ತಾರೀಕು ಹಾಕಿ ಬರೆದಿಡುವ ಅಭ್ಯಾಸ ಹೈಸ್ಕೂಲಿನಿಂದಲೇ ಇತ್ತು. ಆದ್ದರಿಂದ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಕಬಡ್ಡಿ ತಂಡಕ್ಕೆ ಅಂಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಡುವವರು ಏಳು ಜನ. ಆಡಿದ್ದರ ಬಗ್ಗೆ ಜಗಳ ಮಾಡುವವರು ಐವತ್ತಕ್ಕೆ ಕಡಿಮೆ ಇಲ್ಲ. ಪ್ರತಿ ಚಳಿಗಾಲ ಕರಾವಳಿಯವರೆಲ್ಲ ಸೇರಿ ಒಂದು ಶುಕ್ರವಾರ ಕಾಲೇಜುವಾರು ಟೂರ್ನಮೆಂಟ್ ನಡೆಸುತ್ತಿದ್ದರು. ಮೂರು ವರ್ಷದಿಂದ ಫೈನಲ್‌ನಲ್ಲಿ ನಾವು ಸೋಲುತ್ತಿದ್ದದ್ದು ಒಂದೇ ತಂಡಕ್ಕೆ, ಊರಿನಲ್ಲಿ ನಮ್ಮ ಹೊಳೆಯ ಆಚೆ ದಡದಲ್ಲಿರುವ ಕಾಲೇಜಿಗೆ.

ಮ್ಯಾನೇಜರಣ್ಣ ಎಂದರೆ ತಂಡದ ಮ್ಯಾನೇಜರ್. ವಯಸ್ಸು ನಲವತ್ತೆರಡು, ದೇರಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಅವರ ಪ್ರಕಾರ ಔಷಧ ಒಂದೇ. ಕಾಲೇಜಿನಲ್ಲಿ ತಮಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದ ಸರ್ ನಿವೃತ್ತರಾಗಿ ಈಗ ಅಬುಧಾಬಿಯಲ್ಲಿ ಮಗಳ ಮನೆಗೆ ಬಂದಿದ್ದಾರೆ, ಅವರನ್ನು ಕರೆತರಬೇಕು. ಬ್ಯಾಂಕಿನವನು ಬೇಡ ಅಂದ. ಅವನ ಅಭ್ಯರ್ಥಿ ಜೆಬೆಲ್ ಅಲಿಯಲ್ಲಿ ಟ್ರೇಲರ್ ಓಡಿಸುತ್ತಿದ್ದ ಒಬ್ಬ ಪಂಜಾಬಿ.

"ಸರ್‌ಗೆ ಹೊಡೀಲಿಕ್ಕೆ ಮಾತ್ರ ಗೊತ್ತುಂಟು. ಆಟ ಎಲ್ಲಿಂದ ಎಲ್ಲಿಗೆ ಹೋಗಿದೆ!"

"ಹೊಡೆದೇ ಅಲ್ವಾ ನಾವು ಯೂನಿವರ್ಸಿಟಿ ಗೆದ್ದದ್ದು?"

"ಆಗ ನಮಗೆ ಹತ್ತೊಂಬತ್ತು, ಅಣ್ಣ. ಈಗ ಆ ಹುಡುಗನ ಭುಜ ನೋಡಿದ್ದೀರಾ? ಸರ್ ಕೈಗೆ ಕೊಟ್ರೆ ಮುರಿದೇ ಹಾಕ್ತಾರೆ."

"ನಿನಗೆ ಭಯ ಉಂಟು ಅಂತ ಹೇಳು. ನಿನ್ನಪ್ಪನಿಗೂ ಭಯ ಇತ್ತು."

ಅಪ್ಪನ ಹೆಸರು ಎತ್ತಿದ್ದಕ್ಕೆ ಮುಚ್ಚಳ ಹಾರಿತು. ನಮ್ಮ ಜತೆ ಮನೆ ಹಂಚಿಕೊಂಡಿದ್ದ ಮೈಸೂರಿನವನೊಬ್ಬ ಕಂಪ್ಯೂಟರ್ ಕೆಲಸದವನು. ಅವನು ಸೋಫಾದಿಂದ ಕಾಲು ಮೇಲೆತ್ತಿಕೊಂಡು ಕೇಳಿದ: "ಏನ್ರಪ್ಪಾ, ಕೋಚ್ ಬಂದ್ಮೇಲೆ ಇನ್ನೇನ್ ಎಸೀತೀರಾ? ಕುಕ್ಕರ್ರಾ?"

'ಆ ಹುಡುಗ' ಎಂದರೆ ನನ್ನ ಕೋಣೆಯ ಜತೆಗಾರ, ನಮ್ಮ ತಂಡದ ಎಡಮೂಲೆಯ ಹಿಡಿತಗಾರ. ಕಾಲೇಜಿನಲ್ಲಿ ನನಗಿಂತ ಐದು ವರ್ಷ ಮುಂದೆ. ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಪ್ರೆಸ್ಸಿನಿಂದ ಬರುವ ಉದ್ದುದ್ದ ಪಟ್ಟಿಗಳನ್ನು ಎತ್ತಿ ಜೋಡಿಸುವುದು ಅವನ ಕೆಲಸ. ಹಿಂದಿನ ವರ್ಷದ ಫೈನಲ್‌ನಲ್ಲಿ ಅವನ ಎಡಭುಜ ಜಾರಿತ್ತು. ಬಾತ್‌ರೂಮಿನಲ್ಲಿ ಬಿದ್ದೆ ಎಂದು ಫೋರ್‌ಮನ್‌ಗೆ ಹೇಳಿ ವಾರಗಟ್ಟಲೆ ರಜೆ ಹಾಕಿದ್ದ. ಇನ್ನೊಂದು ಸಲ ಬಿದ್ದರೆ ನೇರ ಊರಿಗೆ ಎಂದು ಫೋರ್‌ಮನ್ ಅಂದಿದ್ದ. ಅಂದಿನಿಂದ ಅವನು ಅಂಗಿ ಹಾಕುವಾಗ ಎಡಗೈಯನ್ನು ಬಲಗೈಯಿಂದ ಹಿಡಿದೆತ್ತಿ ತೋಳಿಗೆ ತೂರಿಸುತ್ತಿದ್ದ. ಈ ವರ್ಷ ಆಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದ. ಬೇರೆ ಯಾರ ಹತ್ತಿರವೂ ಹೇಳಿರಲಿಲ್ಲ.

ರಕ್ತ ಕಂಡು ಬ್ಯಾಂಕಿನವನು ಪಟ್ಟು ಬಿಟ್ಟಿದ್ದ. ಸರ್ ಅವರನ್ನು ಕೇಳಲು ಮ್ಯಾನೇಜರಣ್ಣ, ನನ್ನ ಜತೆಗಾರ, ನಾನು ಮೂವರೂ ಅಬುಧಾಬಿಗೆ ಹೋದೆವು. ಸರ್ ಅಲ್ ಮೀನಾದ ಮೀನಿನ ಮಾರ್ಕೆಟ್ಟಿನಲ್ಲಿದ್ದರು. ಲುಂಗಿಯ ಬದಲು ಪ್ಯಾಂಟು, ಕತ್ತಿನಲ್ಲಿ ಎಲ್ಲರೂ ಹೇಳುತ್ತಿದ್ದ ಅದೇ ಹಳೆ ಸೀಟಿಯ ದಾರ, ಸೀಟಿ ಮಾತ್ರ ಇಲ್ಲ. ಒಂದು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ಮ್ಯಾನೇಜರಣ್ಣ ಆ ಮೀನಿನ ನೀರಿನಲ್ಲೇ ಎರಡು ಕಾಲು ಕೂಡಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ನನ್ನ ಜತೆಗಾರನೂ ನಿಂತ. ನಮ್ಮ ಕಾಲೇಜಿನಲ್ಲಿ ಸರ್ ಎದುರು ನಿಲ್ಲುವ ಕ್ರಮ ಅದು. ಕೈ ಮುಂದಿದ್ದರೆ ಬೆರಳ ಗಂಟಿನ ಮೇಲೆ ಸೀಟಿಯ ದಾರ ಬೀಳುತ್ತಿತ್ತು. ಇನ್ನೊಂದು ಕ್ರಮವೂ ಇತ್ತು: ಸರ್ ಕೇಳಿದ್ದಕ್ಕೆ ಉತ್ತರ ಕೊಡಬೇಕು, ಸರ್ ಹತ್ತಿರ ಪ್ರಶ್ನೆ ಕೇಳಬಾರದು.

"ನನಗೀಗ ಅರವತ್ತೈದಾಯ್ತು," ಎಂದರು ಸರ್, ಮೀನನ್ನು ಕೆಳಗೆ ಹಾಕಿ. "ಒಂದೇ ಮಾತು. ಹೊಡೀಲಿಕ್ಕೆ ಉಂಟಾ, ಇಲ್ವಾ? ಮೊದಲೇ ಹೇಳಿ."

"ಉಂಟು ಸರ್."

"ಹೆಂಡತಿ ಮಕ್ಕಳು ಇರುವವರಿಗೂ?"

"ಅವರಿಗೆ ಎರಡು ಹೆಚ್ಚು ಕೊಡಿ ಸರ್," ಎಂದರು ಮ್ಯಾನೇಜರಣ್ಣ, ಹುಬ್ಬಿನ ಪ್ಲಾಸ್ಟರ್ ಮುಟ್ಟಿಕೊಂಡು.

ಸರ್ ನನ್ನ ಜತೆಗಾರನ ಕಡೆ ತಿರುಗಿದರು. "ನೀನು ನನ್ನ ಎಡಮೂಲೆ ಅಲ್ವಾ? ಆಡ್ತೀಯಲ್ಲ?"

"ಆಡ್ತೇನೆ ಸರ್."

ಸರ್ ಮ್ಯಾನೇಜರಣ್ಣನ ಮನೆಗೆ ಬಂದು ಉಳಿದ ಮೇಲೆ, ನಮ್ಮ ಮನೆಗಳ ಹಿಂದಿನ ಖಾಲಿ ಮರಳಿನಲ್ಲಿ ತಾಲೀಮು ಶುರುವಾಯಿತು. ಕಾರಿನ ಹೆಡ್‌ಲೈಟಿನ ಬೆಳಕು. ಆಫೀಸಿನಿಂದ ನೇರ ಬಂದವರು ಪ್ಯಾಂಟು ಕಳಚಿ ಚಡ್ಡಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಸರ್ ಎಲ್ಲಿಂದಲೋ ಒಂದು ರಬ್ಬರ್ ಪೈಪಿನ ತುಂಡು ಸಂಪಾದಿಸಿದ್ದರು. ತಪ್ಪಿದವನ ತೊಡೆಯ ಹಿಂಭಾಗಕ್ಕೆ ಅದು ಬೀಳುವ ಸದ್ದು ಎದುರಿನ ಬ್ಲಾಕಿಗೂ ಕೇಳುತ್ತಿತ್ತು. ಯಾರು ಎಷ್ಟು ತಿಂದರು ಎಂದು ನಾನು ಗೀಟು ಹಾಕಿಟ್ಟೆ. ಮೊದಲ ವಾರ ಹೆಚ್ಚು ತಿಂದವನು ಒಬ್ಬ ಅಕೌಂಟೆಂಟ್. ಕಚೇರಿಯಲ್ಲಿ ಕುರ್ಚಿಗೆ ದಿಂಬು ಇಟ್ಟು ಕೂತಿದ್ದನಂತೆ. ಬೇಸರ ಯಾರಿಗೂ ಇರಲಿಲ್ಲ. ಬರೆ ತೋರಿಸಿಕೊಂಡು ನಗುತ್ತಿದ್ದರು. ಮೈಸೂರಿನವನು ಬಾಲ್ಕನಿಯಿಂದ ನೋಡಿ, "ನಿಮ್ಮ ಊರಲ್ಲಿ ಇದಕ್ಕೆ ಫೀಸ್ ಬೇರೆ ತಗೋತಿದ್ರಾ?" ಎಂದಿದ್ದ.

ಸರ್ ಅವರ ನಿಜವಾದ ವಿದ್ಯೆ ಎಂದರೆ ಮೀನಿನ ಹೆಸರು. ಅಂಕಣದ ಹೊರಗೆ ನಿಂತು ದಾಳಿಗಾರನ ಕಾಲು ನೋಡುತ್ತ ಒಂದು ಮೀನು ಕೂಗುತ್ತಿದ್ದರು. ಬಂಗುಡೆ ಅಂದರೆ ಎಡಮೂಲೆಯವನು ಪಾದಕ್ಕೆ ಹಾರಬೇಕು. ಅಂಜಲ್ ಅಂದರೆ ಬಲಗಡೆಯವರು ಎದೆಯಿಂದ ಗುದ್ದಿ ಹೊರಗೆ ತಳ್ಳಬೇಕು. ಬೂತಾಯಿ ಅಂದರೆ ಏಳೂ ಜನ ಕೈ ಹಿಡಿದು ಬಲೆ. ಕಾಲೇಜಿನ ದಿನಗಳಿಂದ ಅದೇ ಮೂರು ಮೀನು. ನಮ್ಮವರಿಗೆ ಹೊಸದಾಗಿ ಕಲಿಯಲು ಏನೂ ಇರಲಿಲ್ಲ, ಮೈ ತಾನಾಗಿ ಹಾರುತ್ತಿತ್ತು. ನನ್ನ ಜತೆಗಾರ ಎಷ್ಟು ಸಲ ಮರಳಿಗೆ ಬಿದ್ದನೋ ಅಷ್ಟು ಸಲವೂ ಬಲಭುಜದ ಮೇಲೆಯೇ ಉರುಳಿದ. ಕೋಣೆಗೆ ಬಂದು ಎಡಕ್ಕೆ ಐಸ್ ಕಟ್ಟಿಕೊಳ್ಳುತ್ತಿದ್ದ.

"ಸರ್‌ಗೆ ಒಂದು ಮಾತು ಹೇಳು ಮಾರಾಯ," ಎಂದೆ.

"ಎಂತ ಹೇಳುದು? ಆಗುದಿಲ್ಲ ಅಂತ ಸರ್ ಹತ್ರ ಯಾರಾದ್ರೂ ಹೇಳಿದ್ದು ಕೇಳಿದ್ದೀಯಾ ನೀನು?"

ನಾನು ಐಸ್ ಬದಲಿಸಿ ಕಟ್ಟಿದೆ.

ಟೂರ್ನಮೆಂಟ್ ಒಂದು ಶಾಲೆಯ ಮೈದಾನದಲ್ಲಿ. ಫೈನಲ್‌ಗೆ ಮತ್ತೆ ಅವರೇ, ಹೊಳೆಯಾಚೆಯವರು. ಹಗ್ಗದ ಒಂದು ಬದಿಗೆ ನಮ್ಮವರು, ಇನ್ನೊಂದು ಬದಿಗೆ ಅವರವರು. ನಡುವೆ ಡೋಲು, ತಗಡು, ಬೈಗುಳ. ಅವರ ಮುಖ್ಯ ದಾಳಿಗಾರ ಗಿಡ್ಡ, ಕುತ್ತಿಗೆಯೇ ಇಲ್ಲದ ಹುಡುಗ, ಒಳ್ಳೆ ಹೋರಿಯ ಹಾಗಿದ್ದ. ಮೊದಲ ದಾಳಿಗೆ ಅವನು ಎಡಕ್ಕೆ ಬಂದ. ಸರ್ "ಬಂಗುಡೆ!" ಎಂದು ಕೂಗಿದರು. ನನ್ನ ಜತೆಗಾರ ಹಾರಿದ. ಅಲ್ಲಿ ಪಾದ ಇರಲಿಲ್ಲ. ಪಾದ ಇರಬೇಕಾದ ಜಾಗದಲ್ಲಿ ಹುಡುಗನ ಮೊಣಕಾಲು ಕಾಯುತ್ತಿತ್ತು. ಸೀದಾ ಎಡಭುಜಕ್ಕೆ ಬಡಿಯಿತು.

ಎರಡನೇ ಸಲವೂ ಹಾಗೇ ಆಯಿತು. ಅಂಜಲ್ ಕೂಗಿದರೆ ಹುಡುಗ ಬಲಕ್ಕೆ ಬರುತ್ತಲೇ ಇರಲಿಲ್ಲ. ಬೂತಾಯಿ ಕೂಗಿದಾಗ ಬಲೆಯ ನಡುವಿನ ಕೊಂಡಿಗೇ ನುಗ್ಗಿ ಅಕೌಂಟೆಂಟನ ಮೂಗು ಒಡೆದ. ಕೊನೆಕೊನೆಗೆ ಸರ್ ಬಾಯಿ ತೆರೆಯುವ ಮೊದಲೇ ಹಗ್ಗದ ಆಚೆಯಿಂದ ಅವರ ಬೆಂಬಲಿಗರೇ "ಬಂಗುಡೆ! ಬಂಗುಡೆ!" ಎಂದು ಕುಣಿಯತೊಡಗಿದರು. ಅರ್ಧ ಆಟಕ್ಕೆ ನಾವು ಒಂಬತ್ತು ಅಂಕ ಹಿಂದೆ.

ವಿರಾಮದಲ್ಲಿ ಆ ಗಿಡ್ಡ ಹುಡುಗ, ಜತೆಗೆ ಅವರ ತಂಡದ ಇನ್ನಿಬ್ಬರು, ಬೆವರು ಒರೆಸದೆ ನಮ್ಮ ಕಡೆಗೆ ನಡೆದು ಬಂದರು. ಹೊಡೆದಾಟಕ್ಕೆಂದು ನಮ್ಮವರು ಎದ್ದು ನಿಂತರು. ಮೂವರೂ ಸರ್ ಎದುರು ಕಾಲು ಕೂಡಿಸಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತರು.

"ಸರ್, ಗುರ್ತ ಸಿಕ್ಕಿತಾ?"

"ಸಿಗದೆ ಎಂತ? ಮೊಣಕಾಲು ಒಳ್ಳೆದುಂಟು ನಿಂದು," ಎಂದರು ಸರ್. ಅವರ ಮುಖದಲ್ಲಿ ಸಂತೋಷವೇ ಇತ್ತು.

ಆಗ ತಿಳಿಯಿತು. ನಮ್ಮಲ್ಲಿ ನಿವೃತ್ತಿಯಾದ ಮೇಲೆ ಹೊಳೆಯಾಚೆಯ ಕಾಲೇಜಿನವರು ಸರ್ ಅವರನ್ನು ಕರೆದುಕೊಂಡಿದ್ದರು. ಆರು ವರ್ಷ ಅವರು ಅಲ್ಲಿ ಅದೇ ಮೂರು ಮೀನು ಕಲಿಸಿದ್ದರು. ನಮ್ಮ ತಂಡದವರೆಲ್ಲ ಆ ಹೊತ್ತಿಗೆ ಗಲ್ಫಿನಲ್ಲಿದ್ದವರು. ನಾನು ಕಾಲೇಜು ಸೇರುವಾಗಲೇ ಸರ್ ಇರಲಿಲ್ಲ.

"ನೀವು ವಿಚಾರಿಸ್ಲಿಲ್ವಾ ಅಣ್ಣ?" ಬ್ಯಾಂಕಿನವನು ಹಲ್ಲು ಕಚ್ಚಿ ಕೇಳಿದ.

"ಸರ್ ಹತ್ರ ಕೇಳ್ಲಿಕ್ಕೆ ಆಗ್ತದಾ?"

"ನನ್ನನ್ನು ಯಾರೂ ಕೇಳಲಿಲ್ಲ," ಎಂದರು ಸರ್. "ಕೋಚ್ ಆಗಿ ಅಂದ್ರಿ, ಬಂದೆ. ಅವರೂ ನನ್ನ ಮಕ್ಕಳೇ."

ನನ್ನ ಜತೆಗಾರ ಕುರ್ಚಿಯಲ್ಲಿ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಬೆರಳುಗಳ ಬಣ್ಣ ಹೋಗಿತ್ತು. ನಾನು ಮ್ಯಾನೇಜರಣ್ಣನಿಗೆ, ಅವನನ್ನು ಹೊರಗೆ ಕೂರಿಸಿ, ಭುಜ ಹೋದರೆ ಕೆಲಸ ಹೋಗುತ್ತದೆ ಎಂದೆ. ಅವರು ನನ್ನ ಎದೆಗೆ ಎರಡೂ ಕೈಯಿಂದ ಗುದ್ದಿದರು. ನಾನು ನೀರಿನ ಕ್ಯಾನುಗಳ ಮೇಲೆ ಬಿದ್ದೆ. "ನೀನು ಪಾಯಿಂಟ್ ಬರಿ! ಬರಿಯುದು ಬಿಟ್ಟು ಬೇರೆ ಗೊತ್ತುಂಟಾ ನಿನಗೆ?"

ಸರ್ ಅವನ ಎದುರು ಬಂದು ನಿಂತರು. "ಕೈ ಎತ್ತು."

ಅವನು ಎದ್ದು ನಿಂತು ಎಡಗೈ ಎತ್ತಿದ. ತಲೆಯ ಮೇಲಿನ ತನಕ ಎತ್ತಿದ. ಕಣ್ಣಿನಿಂದ ನೀರು ಇಳಿಯಿತು, ಕೈ ಇಳಿಯಲಿಲ್ಲ. ನಮ್ಮ ಬೆಂಬಲಿಗರು ಚಪ್ಪಾಳೆ ತಟ್ಟಿದರು.

ಎರಡನೇ ಅರ್ಧದಲ್ಲಿ ಸರ್ ಮೀನು ಕೂಗಲಿಲ್ಲ. ಕೂಗದೆ ಆಡಿದ್ದೇ ಒಳ್ಳೆಯದಾಯಿತು. ಒಂಬತ್ತು ಏಳಾಯಿತು, ನಾಲ್ಕಾಯಿತು, ಒಂದಾಯಿತು. ಕೊನೆಯ ನಿಮಿಷದಲ್ಲಿ ಗಿಡ್ಡ ಹುಡುಗ ಮತ್ತೆ ಎಡಕ್ಕೆ ಬಂದ, ಮೊಣಕಾಲು ಮುಂದೆ ಮಾಡಿ. ನನ್ನ ಜತೆಗಾರ ಪಾದಕ್ಕೆ ಹಾರಲಿಲ್ಲ. ನೇರ ಎದ್ದು ಅವನ ಸೊಂಟವನ್ನು ತಬ್ಬಿದ. ಹುಡುಗ ಅವನನ್ನು ಎಳೆದುಕೊಂಡೇ ಗೆರೆಯ ಕಡೆ ಸಾಗಿದ. ಒದ್ದ, ತಲೆಯಿಂದ ಗುದ್ದಿದ. ಇಬ್ಬರೂ ಬಿದ್ದರು. ಕೆಳಗೆ ಎಡಗೈ ಇತ್ತು. ಒದ್ದೆ ಹಗ್ಗ ತುಂಡಾದಂಥ ಸದ್ದು ನಾನು ಕೂತಲ್ಲಿಗೆ ಕೇಳಿತು. ನನ್ನ ಜತೆಗಾರ ಬಲಗೈಯ ಹಿಡಿತ ಬಿಡಲಿಲ್ಲ. ಅಂಪೈರ್ ಸೀಟಿ ಊದಿ ನಮ್ಮ ಕಡೆ ಕೈ ತೋರಿಸಿದ. ಸಮ ಸಮ.

ಆಮೇಲೆ ಹಗ್ಗ ಉಳಿಯಲಿಲ್ಲ. ಗೆರೆ ಮುಟ್ಟಿದ್ದ ಎಂದು ಅವರವರು, ಇಲ್ಲ ಎಂದು ನಮ್ಮವರು. ಕುರ್ಚಿಗಳು ಹಾರಿದವು. ಡೋಲಿನ ಕೋಲು ಒಬ್ಬನ ಕಿವಿ ಹರಿಯಿತು. ಬ್ಯಾಂಕಿನವನು ಟೈ ಬೆರಳಿಗೆ ಸುತ್ತಿ ಯಾರದ್ದೋ ಹಲ್ಲಿಗೆ ಗುದ್ದುವುದನ್ನು ಕಣ್ಣಾರೆ ಕಂಡೆ. ಮ್ಯಾನೇಜರಣ್ಣನ ಹುಬ್ಬಿನ ಗಾಯ ಮತ್ತೆ ಬಿಚ್ಚಿತ್ತು. ಅಂಕಣದ ಒಳಗೆ ಬಿದ್ದವನನ್ನು ಜನ ದಾಟಿಕೊಂಡು ಹೊಡೆದಾಡಿದರು. ನಾನು ಅವನ ಮೇಲೆ ಬಾಗಿ ಕೂತೆ. ಯಾರದೋ ಬೂಟು ಬೆನ್ನಿಗೆ ಬಿತ್ತು.

ಗೇಟಿನಿಂದ ಯಾರೋ "ಶುರ್ತಾ! ಶುರ್ತಾ!" ಎಂದು ಕಿರುಚಿದರು. ಪೊಲೀಸ್ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಡೆದಾಟದಲ್ಲಿ ಸಿಕ್ಕಿಬಿದ್ದರೆ ಜೈಲು, ಆಮೇಲೆ ವಿಮಾನ. "ಯಲ್ಲಾ, ಯಲ್ಲಾ!" ಎಂದು ಒಬ್ಬರನ್ನೊಬ್ಬರು ಅವಸರಿಸುತ್ತ ಎರಡೂ ಕಾಲೇಜಿನವರು ಒಂದೇ ಗೇಟಿನಲ್ಲಿ ನುಗ್ಗಿದರು. ಕಾರುಗಳು ಮರಳೆಬ್ಬಿಸಿ ಹೋದವು. ಶಾಲೆಯ ವಾಚ್‌ಮನ್ ಬರೀ ಹೆದರಿಸಿದ್ದನೋ ಏನೋ, ಜೀಪು ಬರಲೇ ಇಲ್ಲ. ಮೈದಾನದಲ್ಲಿ ಉಳಿದದ್ದು ಮೂವರು: ಅವನು, ನಾನು, ಸರ್.

ಸರ್ ನೆಲಕ್ಕೆ ಕೂತು ಶೂ ಕಳಚಿದರು. ಅವನ ಕಂಕುಳಿಗೆ ಹಿಮ್ಮಡಿ ಒತ್ತಿ, ಮಣಿಕಟ್ಟು ಹಿಡಿದು ಎಳೆದರು. ಅವನು ಕೂಗಿದ್ದು ಶಾಲೆಯ ಗೋಡೆಗೆ ಬಡಿದು ತಿರುಗಿ ಬಂತು. ಮೂರನೇ ಸಲಕ್ಕೆ ಭುಜ ಒಳಗೆ ಕೂತಿತು.

ಮರುದಿನ ಬೆಳಗ್ಗೆ ಅವನು ಕೆಲಸಕ್ಕೆ ಹೋದ. ನಾನೇ ಅಂಗಿ ಹಾಕಿಸಿದೆ. ಮೊದಲ ಪಟ್ಟಿ ಎತ್ತುವಾಗಲೇ ಅದು ಕಾಲ ಮೇಲೆ ಬಿತ್ತು. ಫೋರ್‌ಮನ್ ಒಂದೇ ಶಬ್ದ ಹೇಳಿದನಂತೆ: "ಖಲಾಸ್." ಆ ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಯಿತು.

ಅವನು ಹೋಗುವ ವಾರ, ಶುಕ್ರವಾರ, ನಮ್ಮ ಹಾಲ್‌ನಲ್ಲಿ ಮತ್ತೆ ಸಭೆ ಸೇರಿತು. ಮ್ಯಾನೇಜರಣ್ಣ, ಬ್ಯಾಂಕಿನವನು, ಉಳಿದವರು. ಪಂಜಾಬಿ ಟ್ರೇಲರಿನವನೇ ಸರಿ ಎಂದು ಈಗ ಎಲ್ಲರಿಗೂ ಒಪ್ಪಿಗೆ. "ಆ ಪಾಯಿಂಟ್ ನಮ್ಮದೇ, ಅದರಲ್ಲಿ ಮಾತಿಲ್ಲ," ಎಂದರು ಮ್ಯಾನೇಜರಣ್ಣ. "ಮುಂದಿನ ವರ್ಷಕ್ಕೆ ಎಡಮೂಲೆಗೆ ಒಬ್ಬ ಗಟ್ಟಿ ಹುಡುಗ ಬೇಕು, ಅಷ್ಟೆ."

ಒಳಗಿನ ಕೋಣೆಯಿಂದ ಅವನು ಬಂದ. ಎಡಗೈ ಎದೆಗೆ ಕಟ್ಟಿತ್ತು. ಬಲಗೈಯಿಂದ ಮ್ಯಾನೇಜರಣ್ಣನ ಕೆನ್ನೆಗೆ ಬಾರಿಸಿದ ಏಟಿಗೆ ಅವರು ಕುರ್ಚಿಯೊಂದಿಗೆ ಉರುಳಿದರು.

"ಇದು ಸರ್ ಕೊಟ್ಟದ್ದಲ್ಲ ಅಣ್ಣ. ನನ್ನದು."

ಯಾರೂ ಏಳಲಿಲ್ಲ. ಮೈಸೂರಿನವನು ಮಾತ್ರ ಎದ್ದು ಹಿಡಿಯಿಲ್ಲದ ಕುಕ್ಕರಿನ ಮುಚ್ಚಳವನ್ನು ಒಳಗಿಟ್ಟ.

ಸರ್ ಅವರ ವಿಸಿಟ್ ವೀಸಾ ಮುಗಿಯುತ್ತಿತ್ತು. ಮಂಗಳೂರಿಗೆ ಅವರದ್ದೂ ಅದೇ ವಿಮಾನ ಎಂದು ತಿಳಿದದ್ದು ಏರ್‌ಪೋರ್ಟಿನಲ್ಲಿ. ದೂರದಿಂದ ಅವರು ಟ್ರಾಲಿ ತಳ್ಳಿಕೊಂಡು ಬರುತ್ತಿದ್ದರು, ಕತ್ತಿನಲ್ಲಿ ಆ ದಾರ. ಅವರ ಮುಖಕ್ಕೂ ಒಂದು ಬಾರಿಸಿಯಾನೋ ಎಂದು ನಾನು ಅವನನ್ನೇ ನೋಡುತ್ತಿದ್ದೆ. ಬಲಗೈ ಮುಷ್ಟಿ ಕಟ್ಟಿತ್ತು.

ಸರ್ ಹತ್ತಿರ ಬಂದು ನಿಂತರು. ಅವನ ಕಟ್ಟಿದ ಕೈಯನ್ನು ನೋಡಿದರು. ಅವನ ಸೂಟ್‌ಕೇಸನ್ನು ತಾವೇ ಎತ್ತಿ ತಮ್ಮ ಟ್ರಾಲಿಯ ಮೇಲಿಟ್ಟರು.

ಅವನ ಕಾಲುಗಳು ಕೂಡಿಕೊಂಡವು. ಮುಷ್ಟಿ ಸಡಿಲಿಸಿದ. ಒಂದೇ ಕೈ ಬೆನ್ನ ಹಿಂದೆ ಹೋಯಿತು. ಹಿಡಿದುಕೊಳ್ಳಲು ಅಲ್ಲಿ ಇನ್ನೊಂದು ಕೈ ಇರಲಿಲ್ಲವಾದ್ದರಿಂದ ತನ್ನ ಪ್ಯಾಂಟಿನ ಬೆಲ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.